ದ್ವೀಪದ ದಡದಲ್ಲಿ ಕಾವಲು ಕೂತದ್ದು

ಪಂಕ್ಚರ್ ಅಂಗಡಿಯ ಮುಂದೆ ನಿಂತು ಯಾರಾದರೂ ಹೆದರಿ ಬೆವರುತ್ತಾರೆಯೇ? ಮೊನ್ನೆ ತಿಪಟೂರಿನಲ್ಲಿ ನಾನು ಬೆವರಿದೆ. ನನ್ನ ಹಳೆಯ ಸ್ಕೂಟಿಯ ಹಿಂದಿನ ಚಕ್ರದಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಗ್ಯಾರೇಜಿನ ನಜೀರಣ್ಣ ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದರು. ತೂತಾದ ಜಾಗದಿಂದ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಒದ್ದೆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಸಿದು ಕುಳಿತೆ.

ನಜೀರಣ್ಣ ತಲೆಯೆತ್ತಿ ನೋಡಿದರು. ಟ್ಯೂಬನ್ನು ನೀರಿನಿಂದ ಎತ್ತಿ ಬದಿಗಿಟ್ಟು, "ಆ ದ್ವೀಪ ಗ್ಯಾಪ್ಕ ಬಂತೇನಕ್ಕ? ನಂಗೂ ಒಂದೊಂದ್ಸಲ ಹಿಂಗೇ ಆಗ್ತೈತೆ. ಬುಡಿ, ಮೊದ್ಲು ಟೀ ಕುಡೀರಿ," ಎಂದರು.

ಆ ದ್ವೀಪಕ್ಕೆ ನಾವು ಹೋದದ್ದು ಕೆಲವು ವರ್ಷಗಳ ಹಿಂದೆ, ದಸರಾ ರಜೆಯಲ್ಲಿ. ನಮ್ಮ ಯಜಮಾನರದು ತೋಟವೂ ಇದೆ, ಕೊಬ್ಬರಿ ವ್ಯಾಪಾರವೂ ಇದೆ. ಊರವರೆಲ್ಲ ಅವರನ್ನು ಮಲ್ಲಣ್ಣ ಎನ್ನುತ್ತಾರೆ. ಅವರ ಜೊತೆ ವ್ಯಾಪಾರ ಮಾಡುವ ಐದಾರು ಗೆಳೆಯರು ವರ್ಷಕ್ಕೊಮ್ಮೆ ಹೆಂಡಂದಿರನ್ನು ಕಟ್ಟಿಕೊಂಡು ಪ್ರವಾಸ ಹೊರಡುವ ಪದ್ಧತಿ. ಆ ಸಲ ಲಕ್ಷದ್ವೀಪ ಎಂದು ಗೊತ್ತಾಯಿತು. ನಜೀರಣ್ಣನಿಗೂ ಕೊಬ್ಬರಿಗೂ ಸಂಬಂಧವಿಲ್ಲ, ಆದರೆ ಅವರೂ ನಮ್ಮ ಯಜಮಾನರೂ ಹೈಸ್ಕೂಲಿನಿಂದ ಜೊತೆ. ಮಲ್ಲಣ್ಣ ಹೊರಟರೆ ನಜೀರಣ್ಣ ಹೊರಟರು, ನಜೀರಣ್ಣ ಹೊರಟರೆ ಅವರ ಹೆಂಡತಿ ಶಮೀಮ್ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಹೊರಟಳು. ಆಯುಧಪೂಜೆಗೆ ಗ್ಯಾರೇಜಿನ ಜಾಕು ಸ್ಪ್ಯಾನರುಗಳಿಗೆಲ್ಲ ಹೂವು ಮುಡಿಸಿದ ಮೇಲೇ ಅವರು ಬಸ್ಸು ಹತ್ತಿದ್ದು.

ನನಗೆ ಮಾತ್ರ ಹೋಗಲು ಸುತರಾಂ ಇಷ್ಟವಿರಲಿಲ್ಲ. ನನ್ನ ವಿಷಯ ಇಲ್ಲಿ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಶೆಟ್ಟಿಕೆರೆ ಕಡೆಯ ಒಂದು ಶಾಲೆಯಲ್ಲಿ ಮೇಡಂ. ಹುಟ್ಟು ಪುಕ್ಕಲಿ. ನಮ್ಮ ತೋಟದ ಬಾವಿಗೆ ಈಗ ನೀರೂ ಇಲ್ಲ, ಆದರೂ ಅದರ ಹತ್ತಿರ ಹೋಗುವಾಗ ನಾನು ಸೀರೆಯ ನೆರಿಗೆ ಎತ್ತಿ ಹಿಡಿಯುತ್ತೇನೆ. ಶಾಲೆಯ ಮಕ್ಕಳನ್ನು ಬೋರನಕಣಿವೆ ಜಲಾಶಯಕ್ಕೆ ಕರೆದುಕೊಂಡು ಹೋದಾಗ ಏರಿಯ ಮೇಲೆ ನಿಲ್ಲಿಸಿ, ದೂರದಿಂದಲೇ ನೀರು ತೋರಿಸಿ, ಚಿತ್ರಾನ್ನ ತಿನ್ನಿಸಿ ವಾಪಸು ತಂದವಳು ನಾನು. ದಾರಿಯಲ್ಲಿ ಎಷ್ಟು ಸಲ ತಲೆ ಎಣಿಸಿದ್ದೆನೆಂದರೆ ಮಕ್ಕಳೇ ನಾನು ಬಾಯಿ ತೆರೆಯುವ ಮೊದಲು ತಮ್ಮ ತಮ್ಮ ನಂಬರು ಕೂಗತೊಡಗಿದ್ದರು.

ನಮ್ಮ ಯಜಮಾನರು ಇದಕ್ಕೆ ಪೂರಾ ವಿರುದ್ಧ. ಹಂದನಕೆರೆ ಕಡೆಯ ತಮ್ಮ ಊರಿನ ಬಾವಿಯಲ್ಲಿ ಈಜು ಕಲಿತವರು. ಆ ಕಡೆ ಮಕ್ಕಳಿಗೆ ಈಜು ಕಲಿಸುವ ಕ್ರಮ ಬೇರೆ. ಚೆನ್ನಾಗಿ ಒಣಗಿದ ಎರಡು ಸಿಪ್ಪೆಗಾಯಿಗಳನ್ನು, ಎಂದರೆ ಸುಲಿಯದ ತೆಂಗಿನಕಾಯಿಗಳನ್ನು, ಜೋಡಿಸಿ ಕಟ್ಟಿ, ಅದನ್ನು ಹುಡುಗನ ಬೆನ್ನಿಗೆ ಬಿಗಿದು, ಬಾವಿಗೆ ದೂಡುತ್ತಾರೆ. ಕಾಯಿ ಮುಳುಗುವುದಿಲ್ಲ, ಹುಡುಗನೂ ಮುಳುಗುವುದಿಲ್ಲ. ಕೈಕಾಲು ಬಡಿಯುವುದು ಬಂದ ಮೇಲೆ ಒಂದು ದಿನ ದೊಡ್ಡವರು ಕಾಯಿ ಬಿಚ್ಚುತ್ತಾರೆ. ಅವತ್ತಿನಿಂದ ಅವನು ಈಜುಗಾರ. ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಕಟ್ಟಿಸಿಕೊಂಡರೆ ಊರಿನಲ್ಲಿ ತಲೆಯೆತ್ತಿ ತಿರುಗುವಂತಿಲ್ಲ, ಹೆಣ್ಣುಮಕ್ಕಳೂ ಆಡಿಕೊಂಡು ನಗುತ್ತಾರೆ. ಈ ಒಂದು ಅಭಿಮಾನ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಕೊಚ್ಚಿಯಲ್ಲಿ ಹಡಗು ಹತ್ತಿದೆವು. ಹಡಗು ದ್ವೀಪದ ದಡದ ತನಕ ಹೋಗುವಷ್ಟು ನೀರು ಅಲ್ಲಿ ಆಳವಿಲ್ಲವಂತೆ. ನಡುನೀರಿನಲ್ಲೇ ನಿಂತಿತು. ಅದರ ಪಕ್ಕೆಯಲ್ಲಿ ಒಂದು ಬಾಗಿಲು ತೆರೆದರು. ಕೆಳಗೆ ಒಂದು ದೋಣಿ. ಅಲೆ ಬಂದಾಗ ದೋಣಿ ಬಾಗಿಲಿನ ಮಟ್ಟಕ್ಕೆ ಏರುವುದು, ಅಲೆ ಹೋದಾಗ ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಕ್ಕೆ ಇಳಿದುಬಿಡುವುದು. ಅದು ಏರಿದ ಕ್ಷಣದಲ್ಲಿ ನಾವು ಕಾಲು ಎತ್ತಿ ಇಡಬೇಕು. ನನ್ನ ಸರದಿ ಬಂದಾಗ ಬಾಗಿಲಿನ ಸರಳನ್ನು ತಬ್ಬಿಕೊಂಡು, "ನಾನು ವಾಪಸ್ ಹೋಗ್ತೀನಿ, ಇದೇ ಹಡಗ್ನಾಗೆ ಕೂತಿರ್ತೀನಿ," ಎಂದು ಹಟ ಹಿಡಿದೆ. ಹಿಂದೆ ನಿಂತವರು ನಗತೊಡಗಿದರು. ದೋಣಿಯಲ್ಲಿದ್ದ ಕೋಯಾ ಎಂಬ ನಡುವಯಸ್ಸಿನ ಗಟ್ಟಿ ಆಳು ನನ್ನ ರಟ್ಟೆ ಹಿಡಿದು, ಅಕ್ಕಿ ಮೂಟೆ ಇಳಿಸುವಂತೆ ಇಳಿಸಿಕೊಂಡ. ನಾನು ಕೂಗಿದ ಕೂಗಿಗೆ ನಜೀರಣ್ಣ, "ಅಕ್ಕಾ, ಇನ್ನೂ ಮೀನೇ ಬಂದಿಲ್ಲ, ಈಗ್ಲೇ ಕಿರಿಚ್ಕಂಡ್ರೆ ಹೆಂಗೆ?" ಎಂದರು. ಆ ಮಾತು ವಾರಪೂರ್ತಿ ನಡೆಯಿತು.

ಇಳಿದ ಮೇಲೆ ನೋಡಿದರೆ, ಅಯ್ಯೋ, ಅದೂ ತೆಂಗಿನ ಸೀಮೆಯೇ! ಎಲ್ಲಿ ನೋಡಿದರೂ ತೆಂಗು. ಆದರೆ ಸಾಲಿಲ್ಲ, ಪಾತಿಯಿಲ್ಲ. ಮರಗಳು ನೀರಿನ ಮೇಲಕ್ಕೆ ಬಾಗಿಕೊಂಡಿದ್ದವು. ಬುಡದಲ್ಲಿ ಮಣ್ಣೇ ಇಲ್ಲ, ಬರೀ ಬಿಳಿ ಮರಳು. ನಮ್ಮ ಗಂಡಸರು ಸಮುದ್ರ ನೋಡುವ ಮೊದಲು ಮರದ ಸುಳಿ ನೋಡಿದರು, ಬಿದ್ದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ನಮ್ಮ ಗುಡಿಸಲುಗಳು ದಂಡೆಯ ಮೇಲೇ ಇದ್ದವು. ಬಾಗಿಲು ತೆರೆದರೆ ಹತ್ತು ಹೆಜ್ಜೆಗೆ ನೀರು. ಎಲ್ಲರೂ "ಸ್ವರ್ಗ, ಸ್ವರ್ಗ" ಎಂದರು. ನನಗೆ ಮಾತ್ರ ಹತ್ತು ಹೆಜ್ಜೆ ತೀರಾ ಹತ್ತಿರವಾಯಿತು ಎನ್ನಿಸಿತು.

ಆದರೂ ಒಪ್ಪಬೇಕು, ಮೊದಲ ಎರಡು ದಿನ ನಾನೂ ಸ್ವಲ್ಪ ಹಗುರಾದೆ. ದ್ವೀಪದ ಒಂದು ಮಗ್ಗುಲಿಗೆ, ದೂರದಲ್ಲಿ, ನೀರಿನೊಳಗೇ ಹವಳದ ಒಂದು ಗೋಡೆ ಇದೆ. ಸಮುದ್ರದ ಅಲೆಯೆಲ್ಲ ಆ ಗೋಡೆಗೆ ಬಡಿದು ಅಲ್ಲೇ ಬೆಳ್ಳಗೆ ಒಡೆಯುತ್ತದೆ. ಗೋಡೆಗೂ ದಡಕ್ಕೂ ನಡುವೆ ಇರುವ ನೀರು ಎದೆಮಟ್ಟ, ಹೆಚ್ಚೆಂದರೆ ಆಳುಮಟ್ಟ. ತಿಳಿಹಸಿರು, ಅಲೆಯೇ ಇಲ್ಲ. ಅದನ್ನು ಲಗೂನ್ ಎನ್ನುತ್ತಾರೆ. ಗೋಡೆಯಲ್ಲಿ ಒಂದು ಕಡೆ ಮಾತ್ರ ದೋಣಿ ಹೋಗಿಬರುವಷ್ಟು ಬಾಯಿ ಬಿಟ್ಟಿದೆ. ಅಲ್ಲಿ ಗುರುತಿಗೆ ಒಂದು ಕಂಬ ನೆಟ್ಟಿದ್ದರು. ಕಂಬದ ಆಚೆ ನೀರು ಒಮ್ಮೆಲೇ ಕಡುನೀಲಿ. ಆ ನೀಲಿಯನ್ನು ನೋಡಿದಾಗಲೆಲ್ಲ ನಾನು ದೃಷ್ಟಿ ತಪ್ಪಿಸಿಕೊಳ್ಳುತ್ತಿದ್ದೆ.

ಬೆಳಗ್ಗೆ ಮೀನು ಸಾರಿನ ವಾಸನೆಗೆ ಮೂಗು ಮುಚ್ಚಿಕೊಂಡು, ನಾವು ಊರಿನಿಂದ ತಂದ ಚಟ್ನಿಪುಡಿಯಲ್ಲಿ ದೋಸೆ ತಿಂದು, ಮರದ ಕೆಳಗೆ ಚಾಪೆ ಹಾಸಿಕೊಂಡು ಕೂರುವುದು. ಶಮೀಮ್ ನನ್ನ ಪಕ್ಕ ಕುಳಿತು ಶಾಲಿನ ಅಂಚಿಗೆ ಕುಚ್ಚು ಕಟ್ಟುತ್ತಿದ್ದಳು. ಗಂಡಸರೆಲ್ಲ ಮುಖಕ್ಕೆ ರಬ್ಬರಿನ ಮಾಸ್ಕು ಬಿಗಿದು, ಬಾಯಿಗೆ ಕೊಳವೆ ಕಚ್ಚಿಕೊಂಡು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು, ಬೋರಲು ತೇಲುತ್ತ ಮೀನು ನೋಡುತ್ತಿದ್ದರು. ಮೇಲೆ ಬಂದು ಹೇಳುವುದೇ ಹೇಳುವುದು. ಹಳದಿ ಪಟ್ಟೆಯ ಮೀನಂತೆ, ಗಿಳಿಯ ಕೊಕ್ಕಿನಂಥ ಬಾಯಿಯ ಮೀನಂತೆ, ಹೂಕೋಸಿನ ಹಾಗಿರುವ ಹವಳವಂತೆ. ಒಂದು ಮಾಸ್ಕನ್ನು ನನ್ನ ಮುಖದ ಹತ್ತಿರ ತಂದರು. ಆ ಒದ್ದೆ ರಬ್ಬರಿನ ವಾಸನೆಗೇ ನನಗೆ ಉಸಿರು ಕಟ್ಟಿತು. "ಬ್ಯಾಡ ಬುಡಿ," ಎಂದು ಮುಖ ತಿರುಗಿಸಿದೆ.

"ಕೊನೆಗೆ ಕಾಲಾದ್ರೂ ಅದ್ದೇ," ಎಂದರು ನಮ್ಮ ಯಜಮಾನರು.

"ನೀವು ಅದ್ದಿದೀರಲ್ಲ, ಸಾಕು."

"ಕೆರೆ ಹಂಗೈತೆ ಕಣೇ! ಅಲೆ ಇಲ್ಲ, ಸೆಳವಿಲ್ಲ. ನಮ್ಮೂರ ಕೆರೆನೇ ಇದಕ್ಕಿಂತ ಆಳ."

ಕೋಯಾ ಪ್ರತಿದಿನವೂ ಅರ್ಧ ಹಿಂದಿ, ಅರ್ಧ ಮಲೆಯಾಳಂನಲ್ಲಿ ಎಚ್ಚರಿಕೆ ಹೇಳುತ್ತಿದ್ದ. ಶಮೀಮ್ ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಉಬ್ಬರ ಬಂದಾಗ ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಆ ಬಾಯಿಯಿಂದಲೇ ಹೊರಗೆ ಹೋಗುತ್ತದೆ, ಆ ಹೊತ್ತಿನಲ್ಲಿ ನಡುವೆ ಲಂಗರು ಹಾಕಿದ ಖಾಲಿ ದೋಣಿಯನ್ನು ದಾಟಬೇಡಿ, ಜಾಕೆಟ್ ಬಿಚ್ಚಬೇಡಿ. ಮಾತು ಎಲ್ಲರಿಗೂ ಅರ್ಥವಾಯಿತು. ಆದರೆ ನಮ್ಮ ಸೀಮೆಯವರಿಗೆ ನೀರು ಹೋಗುವುದು ಎಂದರೆ ಬತ್ತುವುದು, ಇಲ್ಲವೇ ತೂಬು ಎತ್ತಿದಾಗ ಕಾಲುವೆಗೆ ಇಳಿಯುವುದು. ನಿಂತಂತೆ ಕಾಣುವ ನೀರು ಸದ್ದಿಲ್ಲದೆ ಮನುಷ್ಯನನ್ನು ಹೊತ್ತುಕೊಂಡು ಹೋಗುತ್ತದೆ ಎಂಬುದನ್ನು ನಮ್ಮ ಬಾವಿ ಯಾರಿಗೂ ಕಲಿಸಿಲ್ಲ. ಬಾವಿಯಲ್ಲಿ ದಣಿವಾದರೆ ಅಂಗಾತ ತೇಲಿ, ಕಣ್ಣುಬಿಟ್ಟರೆ ಮೆಟ್ಟಿಲು ಇದ್ದಲ್ಲೇ ಇರುತ್ತದೆ.

ಮೂರನೆಯ ದಿನ ಬಿಸಿಲು ನೆತ್ತಿಗೆ ಬಂದಿತ್ತು. ಊಟಕ್ಕೆ ಕರೆ ಬಂದು ಗಂಡಸರು ಒಬ್ಬೊಬ್ಬರಾಗಿ ನೀರಿನಿಂದ ಎದ್ದು ಬರುತ್ತಿದ್ದರು. ನಾನು ಎಂದಿನಂತೆ ತಲೆ ಎಣಿಸುತ್ತ ಕುಳಿತಿದ್ದೆ. ಎಲ್ಲರೂ ಬಂದಿದ್ದರು, ನಮ್ಮ ಯಜಮಾನರು ಒಬ್ಬರನ್ನು ಬಿಟ್ಟು. ಅವರ ಕಿತ್ತಳೆ ಜಾಕೆಟ್ ಖಾಲಿ ದೋಣಿಯ ಮಗ್ಗುಲಲ್ಲಿ ಕಾಣುತ್ತಿತ್ತು. ದೋಣಿಯ ನೆರಳಿನಲ್ಲಿ ತೇಲುತ್ತಿದ್ದಾರೆ ಎಂದುಕೊಂಡೆ. ಹಗ್ಗ ಸುತ್ತುತ್ತಿದ್ದ ಕೋಯಾನೂ ಆ ಕಡೆ ನೋಡಿದ, ಜಾಕೆಟ್ ಕಂಡಿತು, ಸುಮ್ಮನಾದ.

ನಾನು ಅದನ್ನೇ ನೋಡುತ್ತ ಕುಳಿತೆ. ಶಮೀಮ್ ಏನೋ ಹೇಳುತ್ತಿದ್ದಳು, ಹೂಂಗುಟ್ಟುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಏನೋ ಸರಿಯಿಲ್ಲ ಎನ್ನಿಸಿತು. ಮನುಷ್ಯ ಎಷ್ಟೇ ಸುಮ್ಮನೆ ತೇಲಿದರೂ ಒಂದು ಕಾಲಾದರೂ ಆಡಿಸಬೇಕಲ್ಲ. ಆ ಕಿತ್ತಳೆ ಬಣ್ಣ ಅಲ್ಲಾಡುತ್ತಲೇ ಇರಲಿಲ್ಲ.

"ನಜೀರಣ್ಣ, ಇವ್ರು ಯಾಕೆ ಅಲ್ಲಾಡ್ತಿಲ್ಲ?" ಎಂದೆ.

ನಜೀರಣ್ಣ ತಲೆ ಒರೆಸಿಕೊಳ್ಳುತ್ತ ತಿರುಗಿ ನೋಡಿ, "ಅದು ಬರೀ ಜಾಕೆಟ್ ಕಣಕ್ಕ. ಮಲ್ಲಣ್ಣ ಬಿಚ್ಚಿ ದೋಣಿಗೆ ನೇತಾಕಿದಾನೆ. ಕಾಯಿ ಬಿಚ್ಚಿ ನಲವತ್ತು ವರ್ಷ ಆಯ್ತು, ಈಗ ಮತ್ತೆ ಕಟ್ಕಳದಾ ಅಂದ," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಇಲ್ಲೇ ಇದ್ನಲ್ಲ," ಎಂದರು.

ಎದ್ದು ನಿಂತೆ. ನೀರೆಲ್ಲ ಬಿಸಿಲಿಗೆ ಮಿರುಗುತ್ತಿತ್ತು, ಕಣ್ಣಿಗೆ ಏನೂ ಸಿಗುತ್ತಿರಲಿಲ್ಲ. ನೋಡಿದ್ದೆಲ್ಲ ಮನುಷ್ಯನ ತಲೆಯಂತೆ ಕಾಣುವುದು, ಮತ್ತೆ ಬರೀ ನೀರಾಗುವುದು. ಒಳಗೊಳಗೇ ಒಂದು ಮಾತು ಮಾತ್ರ ಸುತ್ತುತ್ತಿತ್ತು: ಮುಳುಗಿದರೆ ಇಷ್ಟು ಹೊತ್ತಿಗೆ ಮುಳುಗಿಯಾಗಿದೆ, ನಾನು ಜಾಕೆಟ್ ನೋಡಿಕೊಂಡು ಕೂತಿದ್ದಾಗಲೇ ಆಗಿದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿಯೂ ನಾನು ಅವರ ಹೆಸರು ಹಿಡಿದು ಕರೆದವಳಲ್ಲ. ಅವತ್ತೂ ಬಾಯಿಂದ ಬಂದದ್ದು "ರೀ... ರೀ..." ಎಂಬ ಕೂಗೇ. ಅಷ್ಟು ದೊಡ್ಡ ಸಮುದ್ರದ ಮುಂದೆ ನಿಂತು, ಅಡುಗೆಮನೆಯಿಂದ ಊಟಕ್ಕೆ ಕರೆದಂತೆ ಕೂಗುತ್ತಿದ್ದೆ.

ಆಗ ಕೆಂಪಗೆ ಒಂದು ಚುಕ್ಕೆ ಕಂಡಿತು. ಅವರ ಕೊಳವೆಯ ತುದಿಗೆ ಕೆಂಪು ಬಣ್ಣವಿತ್ತು. ಚುಕ್ಕೆ ದೋಣಿಯಿಂದ ಬಹಳ ದೂರ, ಕಂಬದ ಕಡೆಗೆ ಇತ್ತು. ನಿಂತಿದೆಯೋ ಹೋಗುತ್ತಿದೆಯೋ ತಿಳಿಯಲಿಲ್ಲ. "ಅಲ್ಲವ್ನೆ ನೋಡಿ, ಮೀನು ನೋಡ್ತವ್ನೆ, ಏನಿಲ್ಲ," ಎಂದರು ಗೆಳೆಯರಲ್ಲೊಬ್ಬರು. ಕೈ ಬೀಸಿ ಕರೆದರು. ಮುಖ ನೀರಿನಲ್ಲಿ, ಕಿವಿ ನೀರಿನಲ್ಲಿ, ಅವರಿಗೆ ಏನು ಕೇಳುತ್ತದೆ, ಏನು ಕಾಣುತ್ತದೆ!

ನಮ್ಮ ತೋಟದಲ್ಲಿ ಹೊಸ ಸಸಿ ಇಡುವಾಗ ಸಾಲು ಹಿಡಿಯುವ ಕೆಲಸ ನನ್ನದು. ಮೊದಲ ಗೂಟದ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಕೊನೆಯ ಗೂಟ ನೇರಕ್ಕೆ ಬರುವ ತನಕ "ಎಡಕ್ಕೆ, ಇನ್ನೊಂಚೂರು ಎಡಕ್ಕೆ" ಎಂದು ಕೂಗಬೇಕು. ಒಂದು ಗೇಣು ಸೊಟ್ಟಗಾದರೂ ಸಾಲಿನ ತುದಿಗೆ ಹೋಗುವಾಗ ಎದ್ದು ಕಾಣುತ್ತದೆ. ಯೋಚಿಸಿ ಮಾಡಿದ್ದೇನಲ್ಲ, ಕಾಲು ತಾನಾಗಿ ಹೋಗಿ ಒಂದು ತೆಂಗಿನ ಬೊಡ್ಡೆಯ ಹಿಂದೆ ನಿಂತಿತು. ಒಂದು ಕಣ್ಣು ಮುಚ್ಚಿ, ಬೊಡ್ಡೆಯ ಅಂಚಿಗೆ ಆ ಕೆಂಪು ಚುಕ್ಕೆಯನ್ನು ತಂದು ಹಿಡಿದೆ. ಉಸಿರು ಬಿಗಿಹಿಡಿದು ಅಲ್ಲಾಡದೆ ನಿಂತೆ. ಚುಕ್ಕೆ ಮೆಲ್ಲಗೆ ಅಂಚು ಬಿಟ್ಟು ಕಂಬದ ಕಡೆಗೆ ಜಾರಿತು. ಮತ್ತೆ ಹಿಡಿದೆ. ಮತ್ತೆ ಜಾರಿತು. ಕೈಕಾಲು ಆಡಿಸುತ್ತಿರಲಿಲ್ಲ, ಆದರೂ ನಮ್ಮ ಯಜಮಾನರು ಹೋಗುತ್ತಿದ್ದರು.

"ನೀರು ಎಳ್ಕಂಡು ಹೋಗ್ತೈತೆ! ಅವ್ರು ಈಜ್ತಿಲ್ಲ, ನೀರು ಎಳ್ಕಂಡು ಹೋಗ್ತೈತೆ!" ಎಂದು ಕಿರುಚಿದೆ.

ಯಾರೋ ಒಬ್ಬರು, "ಶುರುವಾಯ್ತು ಮೇಡಂದು," ಎಂದದ್ದು ನನಗೆ ಈಗಲೂ ಕಿವಿಯಲ್ಲಿದೆ. ಅವರ ತಪ್ಪಲ್ಲ. ಮೂರು ದಿನದಿಂದ ನಾನು ಕಿರುಚುತ್ತಲೇ ಇದ್ದೆ. ಶಮೀಮ್ ಒಬ್ಬಳು ನನ್ನ ಮುಖ ನೋಡಿದಳು, ಶಾಲು ಎಸೆದು ಕೋಯಾನ ಹತ್ತಿರ ಓಡಿದಳು. ಅವಳು ಹೇಳಿ ಮುಗಿಸುವ ಮೊದಲೇ ಕೋಯಾ ಹಗ್ಗ ಬಿಟ್ಟು ತನ್ನ ದೋಣಿಯನ್ನು ನೀರಿಗೆ ತಳ್ಳಿದ್ದ. ನಜೀರಣ್ಣನೂ ದೋಣಿಗೆ ಹಾರಿಕೊಂಡರು.

ಇಂಜಿನ್ ಹತ್ತಲಿಲ್ಲ. ಕೋಯಾ ದಾರ ಎಳೆದ, ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದ. ಊರಿನಲ್ಲಿ ಎಂಥ ಸತ್ತ ಇಂಜಿನ್ನಿಗೂ ಜೀವ ತುಂಬುವ ನಜೀರಣ್ಣ ಆ ದೋಣಿಯಲ್ಲಿ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು ನಿಂತಿದ್ದರು. ಅವರ ತುಟಿ ಮಾತ್ರ ಆಡುತ್ತಿತ್ತು. ನಾನೂ ಒಳಗೇ ಸಿದ್ಧರಾಮೇಶ್ವರನನ್ನು ಕರೆದೆ, ಕರೆಯುತ್ತಲೇ ಬೊಡ್ಡೆಯ ಅಂಚಿನಿಂದ ಚುಕ್ಕೆ ನೋಡುತ್ತಿದ್ದೆ. ಕಣ್ಣು ತೆಗೆದರೆ ಅವರು ಹೋಗಿಬಿಡುತ್ತಾರೆ, ನಾನು ನೋಡುತ್ತಿರುವಷ್ಟು ಹೊತ್ತು ಮಾತ್ರ ಇರುತ್ತಾರೆ ಎಂಬ ಹುಚ್ಚು ನಂಬಿಕೆ ಹಿಡಿದಿತ್ತು. ಚುಕ್ಕೆ ಕಂಬದ ಹತ್ತಿರ ಬಂತು. ಒಮ್ಮೆಲೇ ಅದು ಮಾಯವಾಯಿತು. ಅದರ ಜಾಗದಲ್ಲಿ ಒಂದು ಕರೀ ತಲೆ ಎದ್ದಿತು. ಎರಡು ಕೈಗಳು ಎದ್ದು ನೀರನ್ನು ಬಡಿಯತೊಡಗಿದವು. ಅವರಿಗೆ ಗೊತ್ತಾಗಿತ್ತು.

ಇಂಜಿನ್ ಹತ್ತಿದ ಸದ್ದು ಯಾವಾಗ ಬಂತೋ ಕಾಣೆ. ದೋಣಿ ಹೋಯಿತು. ಕೈಗಳು ಏಳುವುದು ನಿಧಾನವಾಯಿತು, ಆಮೇಲೆ ಒಂದೇ ಕೈ ಏಳುತ್ತಿತ್ತು. ಆಮೇಲೆ ದೋಣಿ ಅಡ್ಡ ಬಂದು ನನಗೆ ಏನೂ ಕಾಣಲಿಲ್ಲ. ಅದು ತಿರುಗಿ ಬರುವ ತನಕ ನಾನು ಮರವನ್ನು ತಬ್ಬಿಕೊಂಡಿದ್ದೆ. ತೊಗಟೆ ತರಚಿ ಕೆನ್ನೆಯಲ್ಲಿ ರಕ್ತ ಬಂದದ್ದು ಶಮೀಮ್ ಒರೆಸಿದಾಗಲೇ ತಿಳಿದದ್ದು. ದೋಣಿಯ ಹಲಗೆಯ ಮೇಲೆ ಅವರು ಕುಳಿತಿದ್ದರು. ಮಲಗಿರಲಿಲ್ಲ, ಕುಳಿತಿದ್ದರು. ಅಷ್ಟು ಸಾಕಾಯಿತು ನನಗೆ, ಮರಳಿನ ಮೇಲೆ ಕುಳಿತುಬಿಟ್ಟೆ.

ಇಳಿದು ಬಂದವರ ತುಟಿ ನೀಲಿಯಾಗಿತ್ತು. ನಜೀರಣ್ಣ ಅವರನ್ನು ಹಿಂದಿನಿಂದ ತಬ್ಬಿಕೊಂಡು, "ಏನ್ಲಾ ನೀನು, ಏನ್ಲಾ ನೀನು," ಎಂದು ಅಳುತ್ತಿದ್ದರು. ನಮ್ಮ ಯಜಮಾನರು ನನ್ನ ಮುಂದೆ ನಿಂತು, "ಏನಾಗಿಲ್ಲ ಕಣೇ. ಒಂದು ಆಮೆ ಬಂದಿತ್ತು. ಅದರ ಜೊತೆಗೇ ಹೋಗ್ಬುಟ್ಟೆ," ಎಂದರು.

ನನಗೆ ಅಳು ಬರಬೇಕಿತ್ತು. ಬಂದದ್ದು ಕೆಟ್ಟ ಕೋಪ. ಎಲ್ಲರ ಮುಂದೆ, "ಆಮೆಗೆ ಮನೆ ಅದೇ ಕಣ್ರೀ, ನಿಮಗೆ ಮನೆ ಬೇರೆ ಐತೆ!" ಎಂದು ಕೂಗಿ ಗುಡಿಸಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸಂಜೆಯ ಹೊತ್ತಿಗೆ ಆಮೆಯ ಕಥೆ ರೆಕ್ಕೆಪುಕ್ಕ ಪಡೆದುಕೊಂಡಿತ್ತು. ಊಟದ ಮೇಜಿನಲ್ಲಿ ಅವರು ಕೈ ಆಡಿಸಿ ಆಡಿಸಿ ಹೇಳಿದರು. ಆಮೆ ಹೀಗೆ ಕಾಲು ಹಾಕಿತು, ನಾನೂ ಹೀಗೆ ಹಾಕಿದೆ, ಅದು ತಿರುಗಿ ನನ್ನ ಮುಖ ನೋಡಿತು. ಎಲ್ಲರೂ ನಕ್ಕರು. ಹೆದರಿ ಸತ್ತಿದ್ದವರಿಗೆ ನಗುವುದಕ್ಕೆ ಒಂದು ನೆಪ ಬೇಕಾಗಿತ್ತು. "ಇನ್ನೊಂದು ಗಳಿಗೆ ಬುಟ್ಟಿದ್ರೆ ನಾನೇ ಈಜ್ಕಂಡು ಬತ್ತಿದ್ದೆ, ಸುಮ್ನೆ ದೋಣಿ ತಂದ್ರು," ಎಂದು ಬೇರೆ ಸೇರಿಸಿದರು. ಯಾರೋ, "ಹಂಗಾರೆ ಇನ್ನೊಂದ್ಸಲ ತೋರ್ಸು ನೋಡಣ," ಎಂದರು. ನಮ್ಮವರು ಮೇಜು ಕುಟ್ಟಿ, "ಹೊರಡೋ ದಿನ ಬೆಳಿಗ್ಗೆ ಕಂಬ ಮುಟ್ಟಿ ಬತ್ತೀನಿ, ನೋಡ್ರಲಾ," ಎಂದುಬಿಟ್ಟರು. ನಾನು ತಟ್ಟೆ ಸರಿಸಿ ಎದ್ದೆ.

ಕೋಯಾ ಹೇಳಿದ್ದನ್ನು ಶಮೀಮ್ ಮಾರನೆಯ ದಿನ ನನ್ನ ಕಿವಿಯಲ್ಲಿ ಹೇಳಿದಳು. ದೋಣಿ ಹತ್ತಿರ ಹೋದಾಗ ಅವರು ದಡಕ್ಕೆ ನೇರವಾಗಿ ಈಜುತ್ತಿದ್ದರಂತೆ. ಕೈ ಬಡಿಯುತ್ತಿದ್ದರು, ಆದರೆ ಒಂದು ಮೊಳ ಮುಂದೆ ಬರುತ್ತಿರಲಿಲ್ಲ. ಬಾವಿಯ ಈಜಿನಲ್ಲಿ ಹತ್ತು ಕೈ ಹಾಕಿದರೆ ಮೆಟ್ಟಿಲು ಸಿಗುತ್ತದೆ. ಇವರು ಅದೇ ಲೆಕ್ಕದಲ್ಲಿ ಇದ್ದ ಶಕ್ತಿಯನ್ನೆಲ್ಲ ಖರ್ಚು ಮಾಡಿದ್ದರು. ಹಗ್ಗ ಎಸೆದರೆ ಹಿಡಿಯಲು ಬೆರಳು ಮಡಿಸಲಾಗಲಿಲ್ಲವಂತೆ, ಕೂದಲು ಹಿಡಿದು ಎಳೆದುಕೊಂಡರಂತೆ. "ಕೂಗ್ತಿದ್ರಂತೆ ಅಕ್ಕ," ಎಂದಳು ಶಮೀಮ್. ಏನೆಂದು ಕೂಗುತ್ತಿದ್ದರು ಎಂದು ನಾನು ಕೇಳಲಿಲ್ಲ.

ಆಮೇಲಿನ ಎರಡು ದಿನ ಅವರು ನೀರಿಗೆ ಇಳಿಯಲಿಲ್ಲ. ದ್ವೀಪದವರು ಕಾಯಿಯನ್ನು ಹಸಿಯಾಗಿರುವಾಗಲೇ ಎರಡು ಹೋಳು ಮಾಡಿ ಬಿಸಿಲಿಗೆ ಒಣಗಿಸುವುದನ್ನು ನೋಡುತ್ತ ಅಂಗಳದಲ್ಲಿ ಕುಳಿತರು. ನಮ್ಮಲ್ಲಿ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಚಿಪ್ಪಿನೊಳಗೇ ಒಣಗಿ, ಗುಂಡನೆಯ ಇಡೀ ಕೊಬ್ಬರಿಯಾಗಬೇಕು, ಗಿಟಕಾಗಬೇಕು. ಇವರದು ಅವಸರದ ಕೊಬ್ಬರಿ ಎಂದು ಟೀಕೆ ಮಾಡಿದರು. ನನ್ನ ಜೊತೆ ಎಂದಿನಂತೆ ಮಾತಾಡಿದರು. ಆದರೆ ಕುರ್ಚಿಯನ್ನು ಯಾವಾಗಲೂ ಸಮುದ್ರಕ್ಕೆ ಬೆನ್ನು ಮಾಡಿ ಹಾಕಿಕೊಳ್ಳುತ್ತಿದ್ದರು. ಇದು ನನ್ನ ಕಣ್ಣಿಗೆ ಬಿತ್ತು. ಒಳ್ಳೆಯದೇ ಆಯಿತು, ಹಟ ಮರೆತಿದ್ದಾರೆ ಎಂದುಕೊಂಡೆ. ಗೆಳೆಯರು ಮರೆಯಬೇಕಲ್ಲ! ಎದುರಿಗೆ ಸಿಕ್ಕಾಗಲೆಲ್ಲ, "ಏನಪ್ಪ ಮಲ್ಲಣ್ಣ, ಕಂಬ ಕಾಯ್ತೈತೆ," ಎನ್ನುತ್ತಿದ್ದರು. ಇವರು, "ಹೋಗಣ, ಹೋಗಣ," ಎನ್ನುತ್ತಿದ್ದರು.

ಹೊರಡುವ ದಿನ ಬೆಳಗ್ಗೆ ಎಲ್ಲರೂ ದಂಡೆಯ ಮೇಲೆ ಸೇರಿದರು. ಹಡಗು ಮಧ್ಯಾಹ್ನಕ್ಕೆ. ನಮ್ಮ ಯಜಮಾನರು ಮಾಸ್ಕು ಹಿಡಿದು ನಿಂತಿದ್ದರು. ಈ ಸಲ ಕೋಯಾ ಅವರಿಗೆ ಜಾಕೆಟ್ ತೊಡಿಸಿ, ಪಟ್ಟಿಯನ್ನು ತಾನೇ ಬಿಗಿದ, ಇವರು ಬೇಡವೆನ್ನದೆ ಕೈ ಎತ್ತಿಕೊಟ್ಟರು. ಉಬ್ಬರದ ಹೊತ್ತು, ಕಂಬದ ತನಕ ಬೇಡ, ಖಾಲಿ ದೋಣಿಯ ತನಕ ಹೋಗಿಬರಲಿ ಎಂದ. ಖಾಲಿ ದೋಣಿಯಾದರೇನು, ಅದೂ ಆಳವೇ. ನಾನು ಮರದ ಕೆಳಗೆ ಕೂರಲು ನೋಡಿದೆ. ಆಗಲಿಲ್ಲ. ಮತ್ತೆ ಆ ಬೊಡ್ಡೆಗೆ ಕಣ್ಣಿಟ್ಟು ಇವರನ್ನು ನೋಡುತ್ತ ಕೂರುವುದಕ್ಕಿಂತ ನಾನೇ ಮುಳುಗುವುದು ವಾಸಿ ಎನ್ನಿಸಿತು.

"ನಾನೂ ಬತ್ತೀನಿ," ಎಂದೆ.

ಆಗ ಹೋ ಎಂದು ಎದ್ದ ನಗು ಇದೆಯಲ್ಲ! ನಜೀರಣ್ಣ ಮೊಬೈಲ್ ತೆಗೆದು ವಿಡಿಯೋ ಮಾಡಲು ನಿಂತರು. ಶಮೀಮ್ ತನ್ನ ಚೂಡಿದಾರ್ ಕೊಟ್ಟಳು. ಜಾಕೆಟ್ ಹಾಕಿದರು. ಮಾಸ್ಕು ಮುಖಕ್ಕೆ ಬಿಗಿದಾಗ ಮತ್ತೆ ಅದೇ ರಬ್ಬರಿನ ವಾಸನೆ. ಮೂಗು ಮುಚ್ಚಿ, ಬಾಯಿಯಿಂದ ಉಸಿರಾಡಬೇಕು. ಮೊದಲ ಉಸಿರಿಗೇ ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಕೈ ಹಿಡ್ಕ," ಎಂದರು ನಮ್ಮ ಯಜಮಾನರು. ಹಿಡಿದುಕೊಂಡೆ. ಮೊಣಕಾಲು, ಸೊಂಟ, ಎದೆ. ಕಾಲಿನ ಕೆಳಗೆ ಮರಳು ಜಾರಿದಾಗಲೆಲ್ಲ ನಾನು ಅವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಅವರು ಬೋರಲಾದರು. ಬೇರೆ ದಾರಿ ಕಾಣದೆ ನಾನೂ ಕಣ್ಣುಮುಚ್ಚಿ ಮುಖ ಮುಳುಗಿಸಿದೆ.

ನನ್ನ ಉಸಿರಾಟದ ಸದ್ದೊಂದೇ ಕೇಳುತ್ತಿತ್ತು, ಯಾರೋ ಪಕ್ಕದಲ್ಲಿ ನಿಂತು ಗರಗಸ ಎಳೆದಂತೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟೆ. ಕೆಳಗೆ ಬಿಳಿ ಮರಳು, ಅದರ ಮೇಲೆ ಬಿಸಿಲು ಬಲೆ ಹಾಸಿದಂತೆ ಅಲ್ಲಾಡುತ್ತಿತ್ತು. ಒಂದು ಹಳದಿ ಮೀನು ನನ್ನ ಮುಂದೆಯೇ ಹಾದುಹೋಯಿತು, ಎಷ್ಟೊಂದು ಚೆಂದವಿತ್ತು ಅದು. ನೋಡುತ್ತ ನೋಡುತ್ತ ಒಂದೆರಡು ಉಸಿರು ನಾನು ಹೆದರುವುದನ್ನೇ ಮರೆತೆ. ಆದರೂ ಕೈ ನಡುಗುತ್ತಲೇ ಇತ್ತು. ಯಾಕೆ ನಿಲ್ಲುತ್ತಿಲ್ಲ ಎಂದು ನಮ್ಮಿಬ್ಬರ ಕೈಗಳ ಕಡೆ ತಿರುಗಿ ನೋಡಿದೆ. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನನ್ನ ಬೆರಳುಗಳು ಸುಮ್ಮನಿದ್ದವು. ನಡುಗುತ್ತಿದ್ದದ್ದು ಅವರ ಕೈ. ಭುಜದ ತನಕ ನಡುಗುತ್ತಿತ್ತು. ಮಾಸ್ಕಿನ ಗಾಜಿನ ಹಿಂದೆ ಅವರ ಕಣ್ಣು ಬಿಗಿಯಾಗಿ ಮುಚ್ಚಿತ್ತು.

ನಾನು ಎದ್ದು ನಿಂತೆ. ನೀರು ಇನ್ನೂ ಎದೆಮಟ್ಟ ಇತ್ತು. ಬಾಯಿಂದ ಕೊಳವೆ ಉಗಿದು, ದಂಡೆಯ ಕಡೆ ತಿರುಗಿ, ಇದ್ದ ಗಂಟಲಿನಲ್ಲೆಲ್ಲ ಕೂಗಿದೆ.

"ಅಯ್ಯಯ್ಯೋ, ನಂಗೆ ಭಯ ಆಗ್ತೈತೆ! ನಂಗಾಗಲ್ಲಪ್ಪ! ಇವ್ರನ್ನೂ ಬುಡಲ್ಲ ನಾನು, ವಾಪಸ್ ಕರ್ಕಂಡು ಬತ್ತೀನಿ!"

ದಂಡೆಯ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. "ಅಷ್ಟೇನಾ ಮೇಡಂ!" ಎಂದರು. "ಮಲ್ಲಣ್ಣ, ನಿನ್ನ ಕಂಬ ಹೋಯ್ತು ಕಣ್ಲಾ, ಮನೆಯೋರು ಬುಡಲ್ಲ!" ಎಂದರು.

ನಮ್ಮ ಯಜಮಾನರು ಪಕ್ಕದಲ್ಲಿ ಎದ್ದು ನಿಂತು, ಮಾಸ್ಕನ್ನು ಹಣೆಗೇರಿಸಿ, "ಏನ್ ಮಾಡ್ಲಿ ಹೇಳ್ರಲಾ, ಇವಳನ್ನ ಕಟ್ಕಂಡು," ಎಂದು ತಾವೂ ನಕ್ಕರು. ನೀರಿನ ಕೆಳಗೆ ಮಾತ್ರ ನನ್ನ ಕೈ ಬಿಡಲಿಲ್ಲ.